ವರಬಿ: ಜಪಾನಿನ ಅತಿ ಚಿಕ್ಕ ನಗರ

ವರಬಿ ಜಪಾನಿನ ಹೊನ್ಶು ದ್ವೀಪದಲ್ಲಿ, ಸೈತಾಮ ಪ್ರಾಂತ್ಯದ ದಕ್ಷಿಣ ಭಾಗದಲ್ಲಿರುವ ನಗರ. ಟೋಕಿಯೊದ ಹೃದಯಭಾಗದಿಂದ ಸುಮಾರು 20 ಕಿ.ಮೀ. ಉತ್ತರಕ್ಕಿದೆ. ವಿಸ್ತೀರ್ಣ 5.11 ಚದರ ಕಿ.ಮೀ. 2020ರ ಜನಗಣತಿಯಂತೆ ಜನಸಂಖ್ಯೆ 74,283. ನಗರ ಎಂಬ ಆಡಳಿತ ದರ್ಜೆ ಪಡೆದ ಜಪಾನಿನ ಊರುಗಳಲ್ಲಿ ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ಚಿಕ್ಕದು ಇದೇ, ಜನಸಾಂದ್ರತೆಯಲ್ಲಿ ಎಲ್ಲಕ್ಕಿಂತ ಮುಂದಿರುವುದೂ ಇದೇ. ಚದರ ಕಿ.ಮೀ.ಗೆ 14,500ಕ್ಕಿಂತ ಹೆಚ್ಚು ಜನ ಇಲ್ಲಿದ್ದಾರೆ. ಟೋಕಿಯೊದ 23 ವಿಶೇಷ ವಾರ್ಡ್‌ಗಳ ಪೈಕಿ ಕೆಲವು ಇದಕ್ಕಿಂತ ಕಿಕ್ಕಿರಿದಿವೆ. ತೊಶಿಮ ವಾರ್ಡ್‌ನಲ್ಲಿ ಚದರ ಕಿ.ಮೀ.ಗೆ 23,000 ಜನರಿದ್ದಾರೆ. ಆದರೆ ಕಾನೂನಿನ ಪ್ರಕಾರ ಆ ವಾರ್ಡ್‌ಗಳು ನಗರಗಳಲ್ಲ. ಹಾಗೆಯೇ ತೊಯಾಮ ಪ್ರಾಂತ್ಯದ ಫುನಹಶಿ 3.47 ಚದರ ಕಿ.ಮೀ.ಗಳಷ್ಟೇ ಇದ್ದು ವರಬಿಗಿಂತ ಚಿಕ್ಕದಾಗಿದ್ದರೂ ಅದು ಹಳ್ಳಿ.

ದಾಖಲೆಗಳ ಪಟ್ಟಿಯಲ್ಲಿ ಹೆಸರಿರುವ ಕಾರಣಕ್ಕೆ ವರಬಿಯನ್ನು ಕುತೂಹಲದ ವಸ್ತುವಾಗಿ ನೋಡುವುದೇ ರೂಢಿಯಾಗಿದೆ. ಊರಿನ ನಿಜವಾದ ಮಹತ್ವ ಬೇರೆ ಕಡೆ ಇದೆ. ಸುತ್ತಲಿನ ಊರುಗಳು ಒಂದರೊಳಗೊಂದು ಕರಗಿ ದೊಡ್ಡದಾಗುತ್ತಿದ್ದಾಗ ಇದು ತನ್ನ ಗಡಿಯನ್ನು ಬಿಟ್ಟುಕೊಡಲಿಲ್ಲ. ಅದೇ ವೇಳೆಗೆ ಇದರ ದಿನನಿತ್ಯದ ಬದುಕು ಆ ಗಡಿಯೊಳಗೆ ಎಂದೂ ಅಡಗಿ ಕೂತಿಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ವರಬಿ ಅರ್ಥವಾಗುತ್ತದೆ.

ವರಬಿಯ ಉತ್ತರಕ್ಕೆ ಪ್ರಾಂತ್ಯದ ರಾಜಧಾನಿ ಸೈತಾಮ ನಗರ, ಪೂರ್ವಕ್ಕೆ ಕವಗುಚಿ, ದಕ್ಷಿಣ ಮತ್ತು ಪಶ್ಚಿಮಕ್ಕೆ ತೋದ ನಗರಗಳಿವೆ. ಭೂಮಿ ಅರಕವ ನದಿಯ ಮೆಕ್ಕಲು ಬಯಲು. ಗುಡ್ಡವಿಲ್ಲ, ದಿಬ್ಬವಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಗಂಟೆಯೊಳಗೆ ನಡೆದು ಮುಟ್ಟಬಹುದು. ಚುವೊ, ಕಿತಮಚಿ, ಮಿನಮಿಚೊ, ನಿಶಿಕಿಚೊ, ತ್ಸುಕಗೊಶಿ ಎಂಬ ಐದು ಭಾಗಗಳಿವೆ. ಇವುಗಳಲ್ಲಿ ತ್ಸುಕಗೊಶಿ ಮಾತ್ರ ರೈಲು ಹಳಿಯ ಪೂರ್ವಕ್ಕಿದೆ, ಉಳಿದ ನಾಲ್ಕೂ ಪಶ್ಚಿಮಕ್ಕೆ. ವರಬಿ ಎಲ್ಲಿ ಮುಗಿದು ಕವಗುಚಿ ಎಲ್ಲಿ ಶುರುವಾಯಿತು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಮನೆಗಳ ಸಾಲು ಕಡಿಯದೆ ಅರಕವ ದಡದ ತನಕ ಸಾಗಿ, ನದಿಯಾಚೆ ಟೋಕಿಯೊದಲ್ಲಿ ಮುಂದುವರಿಯುತ್ತದೆ.

ಊರಿನ ದಾಖಲಾದ ಇತಿಹಾಸ 15ನೆಯ ಶತಮಾನದಲ್ಲಿ ಶಿಬುಕವ ಮನೆತನದ ಕೋಟೆಯಿಂದ ಸ್ಪಷ್ಟವಾಗುತ್ತದೆ. 16ನೆಯ ಶತಮಾನದಲ್ಲಿ ಹೋಜೊ ಮನೆತನ ಅದರ ಮೇಲೆರಗಿತು. ಸೇನಾನಾಯಕ ತೊಕುಗವ ಇಯೆಯಸು ಎದೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ನೆಲೆಯೂರಿದ ಮೇಲೆ ಕೋಟೆಯ ಜಾಗದಲ್ಲಿ ಗಿಡುಗದ ಬೇಟೆಗೆಂದು ತಂಗುಮನೆ ಎದ್ದಿತು. ಈಗ ಅಲ್ಲಿ ಕೋಟೆಯ ಹೆಸರು ಹೊತ್ತ ಉದ್ಯಾನವಿದೆ, ಪಕ್ಕದಲ್ಲಿ ವರಬಿ ದೇವಾಲಯವಿದೆ.

ಊರಿಗೆ ಹೆಸರು ಬಂದದ್ದು ಕೋಟೆಯಿಂದಲ್ಲ, ದಾರಿಯಿಂದ. ಎದೊದ ನಿಹೊಂಬಶಿ ಸೇತುವೆಯಿಂದ ಬೆಟ್ಟಗಳ ನಡುವೆ ಹಾದು ಕ್ಯೋಟೊ ಮುಟ್ಟುವ ನಕಸೆಂದೋ ಹೆದ್ದಾರಿಯಲ್ಲಿ 69 ತಂಗುದಾಣಗಳಿದ್ದವು. ಮೊದಲನೆಯದು ಇತಬಶಿ, ಎರಡನೆಯದು ವರಬಿ. ಇತಬಶಿಗೂ ವರಬಿಗೂ ನಡುವೆ ಅರಕವ ನದಿ ಅಡ್ಡ ಹರಿಯುತ್ತಿತ್ತು. ರಾಜಧಾನಿಯ ರಕ್ಷಣೆಗಾಗಿ ತೊಕುಗವ ಸರ್ಕಾರ ದೊಡ್ಡ ನದಿಗಳಿಗೆ ಸೇತುವೆ ಕಟ್ಟಲು ಬಿಡುತ್ತಿರಲಿಲ್ಲ. ಹಾಗಾಗಿ ತೋದದ ಕಡವಿನಲ್ಲಿ ದೋಣಿಯೇ ಗತಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಕಡವು ಬಂದ್. ಆಗ ಎದೊಗೆ ಹೊರಟ ವರ್ತಕರು, ಯಾತ್ರಿಕರು, ಪರಿವಾರ ಸಮೇತ ಬಂದ ಸಾಮಂತರು ಎಲ್ಲರೂ ವರಬಿಯಲ್ಲೇ ಉಳಿದು ನೀರು ಇಳಿಯುವುದನ್ನು ಕಾಯಬೇಕಿತ್ತು. ವರಬಿಯ ಛತ್ರಗಳಿಗೆ ಅನ್ನ ಹಾಕಿದ್ದು ಈ ಹೊಳೆಯೇ ಎಂದರೆ ತಪ್ಪಾಗದು. ಚಿತ್ರಕಾರ ಕೆಯ್ಸೈ ಎಯ್ಸೆನ್ ಈ ದಾರಿಯ ತಂಗುದಾಣಗಳ ಮರದಚ್ಚಿನ ಚಿತ್ರಮಾಲೆಯಲ್ಲಿ ವರಬಿಯನ್ನು ತೋರಿಸಬೇಕಾದಾಗ ಊರಿನ ಬೀದಿಯನ್ನು ಬಿಟ್ಟು ತೋದದ ಕಡವನ್ನೇ ಬರೆದ. ನದಿಗೆ ಮೊದಲ ಮರದ ಸೇತುವೆ ಬಂದದ್ದು 1875ರಲ್ಲಿ.

1843ರ ಸಮೀಕ್ಷೆಯಲ್ಲಿ ವರಬಿ ತಂಗುದಾಣದ ಲೆಕ್ಕ ಸಿಗುತ್ತದೆ: ಮನೆಗಳು 430, ಜನ 2,223, ಸಾಮಂತರು ಇಳಿದುಕೊಳ್ಳುವ ಮುಖ್ಯ ಬಿಡಾರಗಳು ಎರಡು, ಉಪಬಿಡಾರ ಒಂದು, ಸಾಮಾನ್ಯರ ಛತ್ರಗಳು 23. ಪೇಟೆ ದಾರಿಯ ಎರಡು ಬದಿಯಲ್ಲಿ ಒಂದು ಕಿ.ಮೀ.ನಷ್ಟು ಉದ್ದಕ್ಕೆ ಹಬ್ಬಿತ್ತು. ಸುತ್ತ ನೀರಿನ ಕಾಲುವೆ. ಕಾಲುವೆಗೆ ಒತ್ತಿಕೊಂಡ ಮನೆಗಳ ಹಿತ್ತಿಲಲ್ಲಿ ಎತ್ತಿ ಇಳಿಸಬಹುದಾದ ಪುಟ್ಟ ಮರದ ಸೇತುವೆಗಳಿದ್ದವು. ಬೆಳಿಗ್ಗೆ ಇಳಿಸುವುದು, ಕತ್ತಲಾದ ಮೇಲೆ ಎತ್ತಿ ಕಟ್ಟುವುದು. ಅಂಥ ಒಂದು ಸೇತುವೆ ಮನೆಯೊಂದರ ಬೆನ್ನಿಗೆ ಇಂದಿಗೂ ಉಳಿದಿದೆ. 1861ರಲ್ಲಿ ಕೋಮೆಯ್ ಚಕ್ರವರ್ತಿಯ ತಂಗಿ ರಾಜಕುಮಾರಿ ಕಜುನೊಮಿಯ ದೇಶವಾಳುತ್ತಿದ್ದ ತೊಕುಗವ ಶೋಗನ್ ಇಯೆಮೊಚಿಯನ್ನು ವರಿಸಲು ಕ್ಯೋಟೊದಿಂದ ಎದೊಗೆ ಬಂದದ್ದು ಈ ದಾರಿಯಲ್ಲೇ. ಪಯಣದ ಕೊನೆಯ ಹಂತದಲ್ಲಿ ಅವಳ ಮೆರವಣಿಗೆ ವರಬಿಯ ಬಿಡಾರದಲ್ಲಿ ದಣಿವಾರಿಸಿಕೊಂಡಿತು. ಊರಿನ ಸನ್‌ಗಕುಇನ್ ಬೌದ್ಧ ಮಂದಿರದ ಆವರಣದಲ್ಲಿ ದಾರಿಹೋಕರು ಬೇಡಿಕೊಳ್ಳುತ್ತಿದ್ದ ಜಿಜೊ ಬೋಧಿಸತ್ವನ ಕಲ್ಲಿನ ಮೂರ್ತಿಗಳಿವೆ. ಒಂದು ಮೂರ್ತಿಯ ಕಣ್ಣಿಗೆ ಸೋಯಾ ಕಾಳಿನ ಮಿಸೊ ಹಿಟ್ಟು ಸವರಿದರೆ ಭಕ್ತರ ಕಣ್ಣುಬೇನೆ ಹೋಗುತ್ತದೆಂಬ ನಂಬಿಕೆ ಇತ್ತು.

20ನೆಯ ಶತಮಾನದಲ್ಲಿ ವಾಹನಗಳಿಗೆಂದು ನಿರ್ಮಿಸಿದ ರಾಷ್ಟ್ರೀಯ ಹೆದ್ದಾರಿ 17 ಹಳೆಯ ಪೇಟೆಯನ್ನು ಬದಿಗೆ ಬಿಟ್ಟು ಸಾಗಿತು. ಇದರಿಂದ ವ್ಯಾಪಾರ ಕುಗ್ಗಿತಾದರೂ ಬೀದಿ ಉಳಿಯಿತು. ಟೋಕಿಯೊಗೆ ಇಷ್ಟು ಹತ್ತಿರದಲ್ಲಿ ನಕಸೆಂದೋ ತಂಗುದಾಣದ ಚಹರೆ ಇಷ್ಟರ ಮಟ್ಟಿಗೆ ಕಾಣಸಿಗುವುದು ಅಪರೂಪ. ಪ್ರತಿ ನವೆಂಬರ್ 3ರಂದು ಈ ಬೀದಿಯಲ್ಲಿ ತಂಗುದಾಣದ ಹಬ್ಬ ನಡೆಯುತ್ತದೆ. ನಗರದ ಇತಿಹಾಸ ಮತ್ತು ಜಾನಪದ ವಸ್ತುಸಂಗ್ರಹಾಲಯವೂ ಇಲ್ಲೇ ಇದೆ. ಅದರ ಒಂದು ಶಾಖೆ ಮೆಯ್ಜಿ ಕಾಲದ ನೇಯ್ಗೆ ವ್ಯಾಪಾರಿಯೊಬ್ಬರ ಮರದ ಮನೆಯಲ್ಲಿದೆ.

ನೇಯ್ಗೆ ವರಬಿಯ ಎರಡನೆಯ ಕಥೆ. ಹಳಿಯ ಪೂರ್ವದ ತ್ಸುಕಗೊಶಿ ಆಗ ಬೇರೆಯೇ ಹಳ್ಳಿ. 19ನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿನ ತಕಹಶಿ ಶಿಂಗೊರೊ ನೀಲಿ ಪಟ್ಟೆಯ ಹತ್ತಿ ಬಟ್ಟೆ ನೇಯಿಸತೊಡಗಿ, ಸುತ್ತಲ ಹಳ್ಳಿಗಳ ಹೆಂಗಸರ ಕೈಗೆ ಕೆಲಸ ಕೊಟ್ಟ. ನೀಲಿ ಅದ್ದುವ ಹಂಡೆಗಳು, ಎತ್ತರದ ಮಗ್ಗಗಳು ಸಾಲುಗಟ್ಟಿದ ಅವನ ಕಾರ್ಯಾಗಾರ ಟೋಕಿಯೊ ಸುತ್ತಲಿನ ಕಾಂತೊ ಪ್ರದೇಶದ ಮುಂಚೂಣಿಯ ನೇಯ್ಗೆಮನೆಗಳಲ್ಲಿ ಒಂದಾಯಿತು. 1859ರಲ್ಲಿ ಯೊಕೊಹಾಮ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡಿತು. ಇಂಗ್ಲೆಂಡಿನ ಗಿರಣಿ ನೂಲು ಹಡಗಿನಲ್ಲಿ ಬಂದಿಳಿದಾಗ ಜಪಾನಿನ ಕೈನೂಲಿನವರು ಬೆಚ್ಚಿದರು. ಅಗ್ಗದ, ಸಣ್ಣ ಎಳೆಯ ಆ ನೂಲಿನ ಎದುರು ಕೈನೂಲು ನಿಲ್ಲುವಂತಿರಲಿಲ್ಲ. ಶಿಂಗೊರೊ ಮನೆತನದವರು ಅದಕ್ಕೆ ಹೆದರದೆ ಆ ನೂಲನ್ನೇ ಕೊಂಡು ತಂದರು. 1861ರ ಹೊತ್ತಿಗೆ ಎರಡು ನವಿರಾದ ಎಳೆಗಳನ್ನು ಹೊಸೆದು ಒಂದಾಗಿಸಿ, ಸಣ್ಣ ಸಣ್ಣ ಪಟ್ಟೆಗಳ ಬಟ್ಟೆ ನೇಯ್ದರು. ಹತ್ತಿಯಾದರೂ ರೇಷ್ಮೆಯಂತೆ ಹೊಳೆಯುವ, ಮೈಗೆ ನುಣುಪಾದ ಈ ಬಟ್ಟೆ ಫುತಕೊ ಎಂಬ ಹೆಸರಿನಲ್ಲಿ ಎದೊದ ಶೋಕಿಲಾಲರ ಮೆಚ್ಚುಗೆ ಗಳಿಸಿತು. ಹೊರಗಿನ ನೂಲು ನಮ್ಮ ಕಸುಬನ್ನು ಮುಳುಗಿಸುತ್ತದೆ ಎಂಬ ಭಯ ಎಲ್ಲೆಲ್ಲೂ ಇದ್ದ ಕಾಲದಲ್ಲಿ, ಬೇರೊಬ್ಬರ ನೂಲಿನಿಂದ ತನ್ನದೇ ಬಟ್ಟೆ ಹುಟ್ಟಿಸಿದ ಈ ಹಳ್ಳಿಯ ಧೈರ್ಯ ಜಪಾನಿನ ಜವಳಿ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಜಾಗ ಪಡೆಯಬೇಕಾದದ್ದು.

ತಕಹಶಿ ಶಿಂಗೊರೊ ಮತ್ತು ಅವನ ಹೆಂಡತಿಯನ್ನು ಜನ ಮಗ್ಗದ ದೇವರೆಂದು ಗುಡಿ ಕಟ್ಟಿ ಪೂಜಿಸಿದರು. ಆ ನೆನಪಿಗೆ 1951ರಿಂದ ನಡೆದುಬಂದಿರುವ ಮಗ್ಗದ ಹಬ್ಬ ಆಗಸ್ಟ್ ತಿಂಗಳಲ್ಲಿ ನಿಲ್ದಾಣದ ಪಶ್ಚಿಮ ಬದಿಯ ಬೀದಿಗಳಲ್ಲಿ ಬಣ್ಣದ ಕಾಗದದ ಅಲಂಕಾರಗಳೊಂದಿಗೆ ನಡೆಯುತ್ತದೆ. ನೇಯ್ಗೆಯ ಗಿರಣಿಗಳು ಯುದ್ಧಾನಂತರ ಒಂದೊಂದಾಗಿ ಮುಚ್ಚಿ ಅವುಗಳ ಜಾಗದಲ್ಲಿ ಮನೆಗಳೆದ್ದವು. ಫುತಕೊ ಬಟ್ಟೆಯನ್ನು ಇತ್ತೀಚಿನ ದಶಕಗಳಲ್ಲಿ ಮತ್ತೆ ನೇಯ್ದು, ಕರವಸ್ತ್ರ, ಚೀಲ, ಪರ್ಸುಗಳ ರೂಪದಲ್ಲಿ ಮಾರಲಾಗುತ್ತಿದೆ.

1889ರಲ್ಲಿ ವರಬಿ ತಂಗುದಾಣವೂ ತ್ಸುಕಗೊಶಿ ಹಳ್ಳಿಯೂ ಸೇರಿ ವರಬಿ ಪಟ್ಟಣವಾಯಿತು. ಈಗಿನ ನಗರದ ಗಡಿ ಮೂಲತಃ ಅಂದು ಹಾಕಿದ್ದೇ. 1893ರಲ್ಲಿ ನಿಪ್ಪೊನ್ ರೈಲ್ವೆ ಕಂಪನಿ ಇಲ್ಲಿ ನಿಲ್ದಾಣ ತೆರೆಯಿತು. ಹಳೆಯ ಪೇಟೆಯಿಂದ ದೂರ, ಊರಿನ ಪೂರ್ವಕ್ಕೆ ಹಳಿ ಬಿದ್ದದ್ದರಿಂದ ಊರಿನ ನಡುಬಿಂದು ಮೆಲ್ಲಗೆ ಪೇಟೆಬೀದಿಯಿಂದ ನಿಲ್ದಾಣದತ್ತ ಸರಿಯಿತು. 1932ರಲ್ಲಿ ವಿದ್ಯುತ್ ರೈಲುಗಳ ಓಡಾಟ ಓಮಿಯದ ತನಕ ವಿಸ್ತರಿಸಿದ ಮೇಲೆ ಟೋಕಿಯೊದ ಕಚೇರಿಗೆ ದಿನಾ ಹೋಗಿಬರುವವರು ಇಲ್ಲಿ ಮನೆ ಮಾಡತೊಡಗಿದರು. ಇಂದಿಗೂ ನಗರದ ಗಡಿಯೊಳಗಿರುವುದು ಇದೊಂದೇ ನಿಲ್ದಾಣ. ಕೆಯ್ಹಿನ್-ತೋಹೊಕು ಮಾರ್ಗದ ರೈಲು ಇಲ್ಲಿಂದ ಅರ್ಧ ಗಂಟೆಯೊಳಗೆ ಉಯೆನೊ ಮುಟ್ಟಿಸುತ್ತದೆ. ಕೋವಿಡ್‌ಗೆ ಮುಂಚೆ ದಿನಕ್ಕೆ ಸುಮಾರು 60,000 ಜನ ಇಲ್ಲಿ ರೈಲು ಹತ್ತುತ್ತಿದ್ದರು. ಎಪ್ಪತ್ತೈದು ಸಾವಿರದೊಳಗಿನ ಊರಿಗೆ ಈ ಅಂಕಿ ವಿಪರೀತ ಎನಿಸುತ್ತದೆ. ಕಾರಣ ಸರಳ: ಹತ್ತುವವರಲ್ಲಿ ಬಹಳ ಮಂದಿ ನಾಲ್ಕು ಹೆಜ್ಜೆ ಆಚೆಯ ಕವಗುಚಿಯವರು. ಅತ್ತ ಪಶ್ಚಿಮದ ನಿಶಿಕಿಚೊದ ಜನ 1985ರಲ್ಲಿ ಆರಂಭವಾದ ಸೈಕ್ಯೋ ಮಾರ್ಗದ ತೋದ ಕಡೆಯ ನಿಲ್ದಾಣಗಳಿಗೆ ಹೋಗುತ್ತಾರೆ.

ಜಪಾನಿನ ಬಹಳಷ್ಟು ಊರುಗಳಲ್ಲಿ ಈಗ ಜನವರಿಯ ಎರಡನೆಯ ಸೋಮವಾರ ಯುವಕ ಯುವತಿಯರು ಕಿಮೊನೊ ಉಟ್ಟು ವಯಸ್ಕರ ದಿನ ಆಚರಿಸುತ್ತಾರೆ. ಈ ಸಾರ್ವಜನಿಕ ಆಚರಣೆಯ ಬೇರು ವರಬಿಯಲ್ಲಿದೆ ಎಂಬುದು ಜಪಾನಿನ ಹೊರಗೆ ಹೆಚ್ಚು ಮಂದಿಗೆ ತಿಳಿಯದು. 1946ರಲ್ಲಿ ದೇಶ ಸೋತು ಸುಣ್ಣವಾಗಿತ್ತು. ಟೋಕಿಯೊ ಬೂದಿಯಾಗಿತ್ತು, ಅನ್ನಕ್ಕೆ ತತ್ವಾರವಿತ್ತು. ಯುದ್ಧರಂಗದಿಂದ ಮರಳಿದ ಹುಡುಗರ ಮುಂದೆ ದಾರಿಯೇ ಕಾಣುತ್ತಿರಲಿಲ್ಲ. ಆಗ ವರಬಿ ಪಟ್ಟಣದ ಯುವಕರ ಸಂಘದ ನಾಯಕ ತಕಹಶಿ ಶೋಜಿರೊ ತನ್ನ ಓರಗೆಯವರಿಗೆ ಧೈರ್ಯ ತುಂಬುವ ಹಬ್ಬವೊಂದನ್ನು ಮಾಡಲೇಬೇಕೆಂದು ಹೊರಟ. ನವೆಂಬರ್ 22ರಂದು ಶಾಲೆಯ ಮೈದಾನದಲ್ಲಿ ಡೇರೆ ಹಾಕಿ ಯುವಕರ ಹಬ್ಬ ಶುರುವಾಯಿತು. ಪ್ರಾಯಕ್ಕೆ ಬಂದವರನ್ನು ಊರು ಗೌರವಿಸುವ ಸಮಾರಂಭ ಅದರ ಮೊದಲ ಕಾರ್ಯಕ್ರಮ. ಸುದ್ದಿ ಹರಡಿತು, ಬೇರೆ ಊರುಗಳೂ ಅನುಸರಿಸಿದವು. 1948ರ ರಾಷ್ಟ್ರೀಯ ರಜಾದಿನಗಳ ಕಾಯ್ದೆಯಲ್ಲಿ ಜನವರಿ 15 ವಯಸ್ಕರ ದಿನವಾಗಿ ಸೇರಿತು. 2000ದಿಂದ ಅದನ್ನು ಎರಡನೆಯ ಸೋಮವಾರಕ್ಕೆ ಬದಲಿಸಲಾಗಿದೆ. ದೇಶದ ಉಳಿದೆಡೆ ಸಮಾರಂಭಕ್ಕೆ ಬೇರೆ ಹೆಸರಿದ್ದರೂ ವರಬಿ ತಾನು ಮೊದಲು ಇಟ್ಟ ಸೆಯ್ನೆನ್‌ಶಿಕಿ ಎಂಬ ಹೆಸರನ್ನು ಬಿಟ್ಟಿಲ್ಲ. ಸರ್ಕಾರದ ಆದೇಶವಿಲ್ಲದೆ, ಹಣವಿಲ್ಲದೆ, ಒಂದು ಸಣ್ಣ ಪಟ್ಟಣದ ಹುಡುಗರು ಹುಟ್ಟುಹಾಕಿದ ಪದ್ಧತಿ ಇಡೀ ರಾಷ್ಟ್ರದ ಹಬ್ಬವಾದದ್ದು ವರಬಿ ಹೆಮ್ಮೆಪಡಬೇಕಾದ ಮೊದಲ ಸಂಗತಿ. ವಿಸ್ತೀರ್ಣದ ದಾಖಲೆ ಆಮೇಲಿನದು.

1959ರ ಏಪ್ರಿಲ್ 1ರಂದು ವರಬಿಗೆ ನಗರದ ದರ್ಜೆ ಸಿಕ್ಕಿತು. ಮುಂದಿನ ಹದಿನೈದು ವರ್ಷ ದೇಶದ ಆರ್ಥಿಕತೆ ನಾಗಾಲೋಟದಲ್ಲಿದ್ದ ಕಾಲ. ಗದ್ದೆಗಳು ನಿವೇಶನಗಳಾದವು, ಜನಸಂಖ್ಯೆ 1970ರ ಹೊತ್ತಿಗೆ ಎಪ್ಪತ್ತೈದು ಸಾವಿರ ದಾಟಿತು. ಬಳಿಕ ತುಸು ಇಳಿದು ಮತ್ತೆ ಏರಿದೆ. ಜಪಾನಿನ ನೂರಾರು ಊರುಗಳು ಮುದುಕರಷ್ಟೇ ಉಳಿದು ಬರಿದಾಗುತ್ತಿರುವಾಗ ಈ ಊರು ಅರ್ಧ ಶತಮಾನದಿಂದ ಹೆಚ್ಚು ಕಡಿಮೆ ಅದೇ ಸಂಖ್ಯೆಯನ್ನು ಕಾಯ್ದುಕೊಂಡಿದೆ.

ಇಷ್ಟು ಜನ ಇಷ್ಟು ಜಾಗದಲ್ಲಿ ಹೇಗೆ ಹಿಡಿಸುತ್ತಾರೆ? ಗಗನಚುಂಬಿಗಳು ತುಂಬಿರಬಹುದು ಎಂದು ದೂರದಲ್ಲಿ ಕೂತು ಊಹಿಸುವುದು ಸಹಜ. ನಿಲ್ದಾಣದ ಎದುರು ಅಂಥವು ಒಂದೆರಡಿವೆ, ಅಷ್ಟೆ. ಊರಿನ ಬಹುಪಾಲು ಎರಡಂತಸ್ತಿನ ಮನೆಗಳು ಮತ್ತು ಲಿಫ್ಟ್ ಇಲ್ಲದ ಸಣ್ಣ ಬಾಡಿಗೆ ಕಟ್ಟಡಗಳು. ಒಂದು ಗೋಡೆಗೂ ಮುಂದಿನ ಗೋಡೆಗೂ ನಡುವೆ ತೋಳಿನ ಅಗಲ. ಕಾರು ನಿಲ್ಲಿಸಲು ಜಾಗ ಸಾಲದು, ಸೈಕಲ್ಲಿಗೆ ಬೇಕಾದಷ್ಟು ಕೆಲಸ. ಹೊಲ, ಕಾಡು, ಬಂಜರು ಎಂಬ ಖಾಲಿ ನೆಲ ಇಲ್ಲದಿರುವುದೇ ಸಾಂದ್ರತೆಯ ಗುಟ್ಟು. ಬೇರೆ ನಗರಗಳ ಗಡಿಯೊಳಗೆ ಬೆಟ್ಟವೂ ಹೊಳೆಯೂ ಸೇರಿರುತ್ತವೆ. ವರಬಿಯ ಗಡಿಯೊಳಗೆ ಮನೆಗಳಷ್ಟೇ ಇವೆ. ಇದರಿಂದ ಅನುಕೂಲವೂ ಉಂಟು. ನಗರದ ಆಸ್ಪತ್ರೆ, ಗ್ರಂಥಾಲಯ, ಶಾಲೆ, ನಗರಸಭೆ ಯಾವುದೂ ನಡಿಗೆಗೆ ಮೀರಿದ್ದಲ್ಲ. ನಡೆಯಲಾಗದವರಿಗೆ ನಗರದ ಪುಟ್ಟ ಬಸ್ಸು ಬಡಾವಣೆಗಳನ್ನು ಸುತ್ತುತ್ತದೆ. ಅಪಾಯವನ್ನೂ ಮರೆಮಾಚಬಾರದು. ಭೂಕಂಪದ ಬೆನ್ನಿಗೆ ಬೆಂಕಿ ಹೊತ್ತಿಕೊಂಡರೆ ಇಕ್ಕಟ್ಟಿನ ಓಣಿಗಳಲ್ಲಿ ಅಗ್ನಿಶಾಮಕ ವಾಹನ ನುಗ್ಗುವುದು ಕಷ್ಟ. ಅರಕವ ದಡ ಒಡೆದರೆ ಓಡಿಹೋಗಲು ಎತ್ತರದ ನೆಲವೇ ಇಲ್ಲ, ಗಟ್ಟಿ ಕಟ್ಟಡಗಳ ಮೇಲ್ಮಹಡಿಗಳೇ ಆಸರೆ. ನಿಶಿಕಿಚೊ ಭಾಗದಲ್ಲಿ ನಿವೇಶನಗಳನ್ನು ಮರುಹಂಚಿ ರಸ್ತೆ ಅಗಲಿಸುವ ಕೆಲಸ ದಶಕಗಳಿಂದ ನಡೆಯುತ್ತಿರುವುದು ಈ ಕಾರಣಕ್ಕೆ. ಇಕ್ಕಟ್ಟನ್ನು ಚೆಂದದ ಹಳೆತನವೆಂದು ಹೊಗಳುವ ಪ್ರವಾಸಿ ಬರಹಗಳು ಇದನ್ನು ನೆನಪಿಡಬೇಕು.

ವರಬಿ ಬೇರೆ ಊರಿನೊಂದಿಗೆ ಸೇರಿಹೋಗುವ ಹತ್ತಿರ ಬಂದದ್ದು 2000ದ ದಶಕದ ಆರಂಭದಲ್ಲಿ. ಸಣ್ಣ ಊರುಗಳನ್ನು ಒಗ್ಗೂಡಿಸಿ ಖರ್ಚು ಇಳಿಸಲು ಕೇಂದ್ರ ಸರ್ಕಾರ ದೇಶದಾದ್ಯಂತ ಒತ್ತಾಯ ತಂದ ಕಾಲವದು. ಕವಗುಚಿ, ವರಬಿ, ಹತೊಗಯ ಮೂರೂ ಒಂದಾಗುವ ಮಾತುಕತೆ ಬಹಳ ದೂರ ಬಂತು. ಮುರಿದು ಬಿದ್ದದ್ದು ಹೆಸರಿನ ಮೇಲೆ. ಹೊಸ ನಗರಕ್ಕೆ ಬುನನ್ ಎಂದು ಹೆಸರಿಡಲು ವಿಲೀನದ ಮಾತುಕತೆಯ ಮಂಡಳಿ ತೀರ್ಮಾನಿಸಿದಾಗ ಎಲ್ಲರಿಗಿಂತ ದೊಡ್ಡದಾದ ಕವಗುಚಿ ತನ್ನ ಹೆಸರು ಅಳಿಯುವುದನ್ನು ಒಪ್ಪದೆ ಹೊರನಡೆಯಿತು. 2004ರಲ್ಲಿ ಮಂಡಳಿಯೇ ವಿಸರ್ಜನೆಯಾಯಿತು. ಹತೊಗಯದ ಕಥೆ ಇಲ್ಲಿ ಹೇಳಲೇಬೇಕು. 6.22 ಚದರ ಕಿ.ಮೀ.ಗಳ ಅದು ಆಗ ದೇಶದ ಎರಡನೆಯ ಅತಿ ಚಿಕ್ಕ ನಗರ. 1940ರಲ್ಲಿ ಕವಗುಚಿಗೆ ಸೇರಿ 1950ರಲ್ಲಿ ಬೇರೆಯಾಗಿತ್ತು. 2011ರ ಅಕ್ಟೋಬರ್ 11ರಂದು ಮತ್ತೆ ಕವಗುಚಿಯಲ್ಲಿ ವಿಲೀನವಾಯಿತು. ವರಬಿ ಉಳಿಯಿತು. ಎರಡನೆಯ ಸ್ಥಾನ ಈಗ ಟೋಕಿಯೊದ ಕೊಮಯೆ ನಗರದ್ದು, ವಿಸ್ತೀರ್ಣ 6.39 ಚದರ ಕಿ.ಮೀ.

ಬೇರೆಯಾಗಿ ಉಳಿದ ಮಾತ್ರಕ್ಕೆ ಎಲ್ಲವನ್ನೂ ತಾನೇ ನಡೆಸಲು ವರಬಿಗೆ ಆಗದು. ಮನೆಗಳ ಕಸ ಸುಡುವ ಸ್ಥಾವರವನ್ನು ತೋದದೊಡನೆ ಜಂಟಿಯಾಗಿ ನಡೆಸುತ್ತದೆ; ಅದಿರುವುದು ತೋದದ ನೆಲದಲ್ಲಿ. ಬದಲಿಗೆ ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟು ದೊಡ್ಡದಾದ ತೋದ ನಗರವನ್ನು ಕಾಯುವುದು ವರಬಿ ಪೊಲೀಸ್ ಠಾಣೆ. ನಗರದ ರಾಜಕಾರಣವೂ ಗಮನಾರ್ಹ. 2007ರ ಮೇಯರ್ ಚುನಾವಣೆಯಲ್ಲಿ ಗೆದ್ದ ಯೊರಿತಕ ಹಿದೆಯೊ ಜಪಾನ್ ಕಮ್ಯುನಿಸ್ಟ್ ಪಕ್ಷದ ಸದಸ್ಯ. ಆ ಪಕ್ಷದವರು ಮೇಯರ್ ಆಗುವುದು ಜಪಾನಿನಲ್ಲಿ ಬಹಳ ಅಪರೂಪ. ಅವರನ್ನು ಮತದಾರರು ಮುಂದಿನ ಚುನಾವಣೆಗಳಲ್ಲೂ ಆರಿಸಿದರು.

ವರಬಿಯ ನಿವಾಸಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ವಿದೇಶಿ ಪ್ರಜೆ. ಚೀನೀಯರ ಸಂಖ್ಯೆ ದೊಡ್ಡದು. ವಿಯೆಟ್ನಾಂ, ಫಿಲಿಪ್ಪೀನ್ಸ್, ಕೊರಿಯದವರೂ ಇದ್ದಾರೆ. ನಿಲ್ದಾಣದ ಸನಿಹದಲ್ಲೇ, ಗಡಿಯಾಚೆಯ ಕವಗುಚಿಯಲ್ಲಿ ಶಿಬಜೊನೊ ಎಂಬ ವಸತಿ ಸಮುಚ್ಚಯವಿದೆ. ಮೊದಲು ಅಲ್ಲಿದ್ದದ್ದು ನಿಪ್ಪೊನ್ ಶರ್ಯೊ ಕಂಪನಿಯ ವರಬಿ ಕಾರ್ಖಾನೆ. ಶಿಂಕಾನ್‌ಸೆನ್ ಬುಲೆಟ್ ರೈಲಿನ ಮೊದಲ ತಲೆಮಾರಿನ ಬೋಗಿಗಳು ತಯಾರಾದ ಕಾರ್ಖಾನೆಗಳಲ್ಲಿ ಅದೂ ಒಂದು. ಅದು ಮುಚ್ಚಿದ ಮೇಲೆ 1978ರಲ್ಲಿ ಸುಮಾರು 2,500 ಮನೆಗಳ ಈ ಸಮುಚ್ಚಯ ತೆರೆಯಿತು. ಈಗ ಅದರ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿದೇಶಿಯರು, ಮುಖ್ಯವಾಗಿ ಚೀನೀಯರು.

ಜಪಾನಿನ ಸುದ್ದಿಯಲ್ಲಿ ವರಬಿಯ ಹೆಸರು ಹೆಚ್ಚು ಕೇಳಿಬರುವುದು ಕುರ್ದ್ ಜನರಿಂದ. 1990ರ ದಶಕದಿಂದ ಟರ್ಕಿಯ ಆಗ್ನೇಯ ಭಾಗದ ಕುರ್ದರು, ಟರ್ಕಿಗೂ ಜಪಾನಿಗೂ ಇರುವ ವೀಸಾರಹಿತ ಪ್ರವೇಶದ ಒಪ್ಪಂದದ ಮೇಲೆ ಬಂದು ಇಲ್ಲಿ ಆಶ್ರಯ ಕೇಳಿದರು. ಈಗ ವರಬಿ ಮತ್ತು ಕವಗುಚಿ ಸೇರಿ ಸುಮಾರು 2,000 ಮಂದಿ ಇದ್ದಾರೆ, ಹೆಚ್ಚಿನವರು ಕವಗುಚಿಯಲ್ಲಿ. ಆದರೂ ನಿಲ್ದಾಣದ ಹೆಸರಿನಿಂದ ಈ ನೆಲೆಗೆ ವರಬಿಸ್ತಾನ್ ಎಂಬ ಅಡ್ಡಹೆಸರು ಅಂಟಿಕೊಂಡಿದೆ. ಹಳೆಯ ಕಟ್ಟಡಗಳನ್ನು ಕೆಡಹುವ ಕೆಲಸದಲ್ಲಿ ಅವರಲ್ಲಿ ಅನೇಕರು ತೊಡಗಿದ್ದಾರೆ. ಬೇಸಿಗೆಯ ಬಿಸಿಲಿನಲ್ಲಿ ಧೂಳು ಕುಡಿಯುತ್ತ ಮಾಡುವ ಆ ಕೆಲಸಕ್ಕೆ ಜಪಾನೀ ಯುವಕರು ಸಿಗುವುದಿಲ್ಲ. ಮಾರ್ಚ್ ತಿಂಗಳಲ್ಲಿ ಬರುವ ಅವರ ಹೊಸವರ್ಷ ನೌರೋಜ್ ಹಬ್ಬ ಹಲವು ವರ್ಷ ವರಬಿಯ ನಾಗರಿಕ ಉದ್ಯಾನದಲ್ಲಿ ನಡೆಯಿತು. ಬಣ್ಣದ ಉಡುಪಿನ ಗಂಡಸರು ಹೆಂಗಸರು ಕೈಕೈ ಹಿಡಿದು ದುಂಡಗೆ ಕುಣಿಯುವಾಗ ಊರಿನ ಜಪಾನೀಯರೂ ಸೇರಿಕೊಳ್ಳುತ್ತಿದ್ದರು.

ಟರ್ಕಿಯ ಕುರ್ದ್ ಒಬ್ಬರಿಗೆ ಜಪಾನ್ ಮೊತ್ತಮೊದಲ ಬಾರಿ ನಿರಾಶ್ರಿತರ ಮಾನ್ಯತೆ ಕೊಟ್ಟದ್ದು 2022ರಲ್ಲಿ, ಅದೂ ಸಪ್ಪೊರೊ ಹೈಕೋರ್ಟಿನ ತೀರ್ಪಿನ ಬಳಿಕ. ಉಳಿದ ಬಹಳ ಮಂದಿ ವಲಸೆ ಬಂಧನದಿಂದ ತಾತ್ಕಾಲಿಕ ಬಿಡುಗಡೆ ಎಂಬ ಸ್ಥಿತಿಯಲ್ಲಿದ್ದಾರೆ. ಅಂಥವರಿಗೆ ದುಡಿಯಲು ಅನುಮತಿಯಿಲ್ಲ, ಆರೋಗ್ಯ ವಿಮೆಯಿಲ್ಲ, ಅನುಮತಿ ಪಡೆಯದೆ ಪ್ರಾಂತ್ಯ ದಾಟುವಂತಿಲ್ಲ. ಜಪಾನಿನಲ್ಲೇ ಹುಟ್ಟಿ ಜಪಾನೀ ಶಾಲೆಯಲ್ಲಿ ಕಲಿತ ಹಲವು ಮಕ್ಕಳ ಪಾಡೂ ಬಹುಕಾಲ ಇದೇ ಆಗಿತ್ತು. 2023ರಿಂದ ಕವಗುಚಿ ಮತ್ತು ವರಬಿಯ ಸುತ್ತ ಅವರ ವಿರುದ್ಧ ದ್ವೇಷದ ಮೆರವಣಿಗೆಗಳು ನಡೆದವು, ಅವನ್ನು ಎದುರಿಸಿ ಸ್ಥಳೀಯರೂ ಬೀದಿಗಿಳಿದರು. ಯಾರು ಇಲ್ಲಿ ಉಳಿಯಬಹುದು ಎಂಬ ಪ್ರಶ್ನೆ ವರಬಿಗೆ ಹೊಸದಲ್ಲ. ವೀಸಾ ಇಲ್ಲದೆ ಹಲವು ವರ್ಷ ಇಲ್ಲಿ ಬಾಳಿದ ಫಿಲಿಪ್ಪೀನ್ಸ್ ದಂಪತಿಯನ್ನು 2009ರ ಏಪ್ರಿಲ್‌ನಲ್ಲಿ ದೇಶದಿಂದ ಕಳಿಸಲಾಯಿತು. ಇಲ್ಲಿ ಹುಟ್ಟಿ ಬೆಳೆದ, ಜಪಾನೀ ಭಾಷೆಯೊಂದನ್ನೇ ಬಲ್ಲ 13 ವರ್ಷದ ಮಗಳಿಗೆ ಮಾತ್ರ ಉಳಿಯಲು ಒಪ್ಪಿಗೆ ಸಿಕ್ಕಿತು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ನಗರಕ್ಕಿಲ್ಲ, ಅದು ಕೇಂದ್ರ ಸರ್ಕಾರದ್ದು. ಆ ತೀರ್ಮಾನಗಳ ಪರಿಣಾಮ ಬೀಳುವುದು ಮಾತ್ರ ನಗರದ ಶಾಲೆಗಳ ಮೇಲೆ, ಆಸ್ಪತ್ರೆಯ ಮೇಲೆ, ಓಣಿಯ ನೆರೆಹೊರೆಯ ಮೇಲೆ. ಕಾಗದವಿಲ್ಲದ ಮಕ್ಕಳನ್ನೂ ತರಗತಿಯಲ್ಲಿ ಕೂರಿಸಿ ಪಾಠ ಹೇಳುವ ಇಲ್ಲಿನ ಶಿಕ್ಷಕರು ಮಾಡುತ್ತಿರುವ ಕೆಲಸ ದೊಡ್ಡದು.

ಊರಿನ ಸಾಂಸ್ಕೃತಿಕ ಸಂಸ್ಥೆಗಳಲ್ಲಿ ಮಿನಮಿಚೊದ ಕವನಬೆ ಕ್ಯೋಸೈ ಸ್ಮಾರಕ ಕಲಾ ಮ್ಯೂಸಿಯಂ ಎಲ್ಲಕ್ಕಿಂತ ಮುಖ್ಯವಾದದ್ದು. ಕ್ಯೋಸೈ (1831–1889) ದೆವ್ವ, ಕಪ್ಪೆ, ಅಸ್ಥಿಪಂಜರ, ಬುದ್ಧ ಎಲ್ಲವನ್ನೂ ಒಂದೇ ಉತ್ಸಾಹದಲ್ಲಿ ಬರೆದ ಎದೊ-ಮೆಯ್ಜಿ ಸಂಧಿಕಾಲದ ಮಹಾ ಚಿತ್ರಕಾರ. ಟೋಕಿಯೊದ ಆರಂಭಿಕ ಪಾಶ್ಚಾತ್ಯ ಶೈಲಿಯ ಕಟ್ಟಡಗಳನ್ನು ಕಟ್ಟಿದ ಇಂಗ್ಲಿಷ್ ವಾಸ್ತುಶಿಲ್ಪಿ ಜೊಸಾಯ ಕಾಂಡರ್ ಅವನ ಶಿಷ್ಯ. ಕ್ಯೋಸೈಯ ಮರಿಮಗಳು, ವೃತ್ತಿಯಿಂದ ವೈದ್ಯೆಯಾದ ಕವನಬೆ ಕುಸುಮಿ, ಮನೆತನದಲ್ಲಿ ಉಳಿದಿದ್ದ ಕರಡು ಚಿತ್ರಗಳನ್ನೂ ಕೃತಿಗಳನ್ನೂ ಕೂಡಿಟ್ಟು 1977ರಲ್ಲಿ ಇದನ್ನು ತೆರೆದರು. ವಸತಿ ಬೀದಿಯ ನಡುವಿನ ಸಾಧಾರಣ ಕಟ್ಟಡ. ಕ್ಯೋಸೈಯ ಕೈಬರಹದ ಕರಡುಗಳನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ದೊಡ್ಡ ಮ್ಯೂಸಿಯಂಗಳಲ್ಲೂ ಸಿಗುವುದಿಲ್ಲ.

ಟೋಕಿಯೊಗೆ ಹೋದವರು ಒಂದು ಅರ್ಧ ದಿನವನ್ನು ವರಬಿಗೆ ಮೀಸಲಿಡಬಹುದು. ನಿಲ್ದಾಣದ ಪಶ್ಚಿಮ ಬಾಗಿಲಿನಿಂದ ಹೊರಟರೆ ಕೋಟೆಯ ಉದ್ಯಾನ, ನಕಸೆಂದೋ ಬೀದಿ, ಎತ್ತುವ ಸೇತುವೆ, ಸನ್‌ಗಕುಇನ್ ಮಂದಿರ ಎಲ್ಲವನ್ನೂ ಕಾಲ್ನಡಿಗೆಯಲ್ಲೇ ನೋಡಿ ಮುಗಿಸಬಹುದು. ಕ್ಯೋಸೈ ಮ್ಯೂಸಿಯಂ ಎಲ್ಲ ದಿನವೂ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.